ದೋಷವನ್ನು ಹತ್ತಿರದಿಂದ ಹುಡುಕಿರಿ

“ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಬಳಗಾನೂರಿನಂಥ ಊರಿನಲ್ಲಿ ಈ ನಾಲ್ಕು ಶಬ್ದಗಳ ಬೆಲೆ ಸಣ್ಣದಲ್ಲ. 2000ನೆಯ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದ ಮೇಲೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಜಾತಿ, ಆದಾಯಗಳ ಪ್ರಮಾಣಪತ್ರಗಳೂ ಈಗ ಗಣಕಯಂತ್ರದಿಂದಲೇ ಬರಬೇಕು. ಸಾಲದ ಅರ್ಜಿ ಹಿಡಿದು ಬಂದ ರೈತ ಬರಿಗೈಯಲ್ಲಿ ಹಿಂದಿರುಗಿದರೆ ಒಂದು ದಿನದ ದುಡಿಮೆ ಹೋಯಿತು. ವಿದ್ಯಾರ್ಥಿವೇತನದ ಕೊನೆಯ ದಿನ ಬಂದ ಹುಡುಗಿಗೆ ಒಂದು ವರ್ಷದ ಅವಕಾಶವೇ ಹೋದೀತು. ಎಷ್ಟೋ ಸಲ ದೋಷವಿರುವುದು ಮೇಜಿನ ಕೆಳಗೇ.

ಅದನ್ನು ಹುಡುಕುವ ಕ್ರಮ ನಮ್ಮ ರೈತರಿಗೆ ಹೊಸದೇನೂ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗದ್ದೆಗೆ ಬರದಿದ್ದರೆ, ಸಿಂಧನೂರು, ಮಸ್ಕಿ ಸೀಮೆಯ ರೈತ ನೇರವಾಗಿ ಜಲಾಶಯಕ್ಕೆ ಓಡುವುದಿಲ್ಲ. ಮೊದಲು ತನ್ನ ಹೊಲಗಾಲುವೆ ನೋಡುತ್ತಾನೆ. ಆಮೇಲೆ ತೂಬು, ಆಮೇಲೆ ಉಪಕಾಲುವೆ. ನೆರೆಯವನ ಗದ್ದೆಗೆ ನೀರು ಹರಿದಿದೆಯೇ ಎಂದು ವಿಚಾರಿಸುತ್ತಾನೆ. ಕಚೇರಿಯಲ್ಲಿಯೂ ಇದೇ ಮೊದಲ ವಿಚಾರಣೆ. ಪಕ್ಕದ ಮೇಜಿನ ಯಂತ್ರ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ದೋಷ ಬಹುಶಃ ನಿಮ್ಮ ಯಂತ್ರದ್ದು, ಇಲ್ಲವೆ ಅದರ ತಂತಿಯದು. ಎಲ್ಲವೂ ನಿಂತಿದ್ದರೆ ಸ್ವಿಚ್ಚು, ರೂಟರು, ಅಥವಾ ಹೊರಗಿನ ಮಾರ್ಗವನ್ನು ಶಂಕಿಸಬೇಕು.

ತಂತಿ ಬಂದು ಸೇರುವ ಕಿಂಡಿಯ ಬಳಿ ಸಾಮಾನ್ಯವಾಗಿ ಒಂದು ಪುಟ್ಟ ದೀಪವಿರುತ್ತದೆ. ಅದು ಉರಿಯದಿದ್ದರೆ ಸೆಟ್ಟಿಂಗುಗಳನ್ನು ಮುಟ್ಟಬೇಡಿರಿ. ತಂತಿಯನ್ನು ಒತ್ತಿ ಕೂಡಿಸಿರಿ, ಇನ್ನೊಂದು ತಂತಿ ಹಾಕಿ ನೋಡಿರಿ.

ದೀಪ ಉರಿಯುತ್ತಿದ್ದರೆ ಮುಂದಿನದು ವಿಳಾಸ. ಮನೆಗೆ ಬಾಗಿಲ ಸಂಖ್ಯೆಯಂತೆ ಪ್ರತಿ ಯಂತ್ರಕ್ಕೂ ಒಂದು ಐಪಿ ಸಂಖ್ಯೆ ಬೇಕು. ವಿಂಡೋಸ್ ಯಂತ್ರದಲ್ಲಿ ‘ಐಪಿಕಾನ್ಫಿಗ್’ ಎಂಬ ಆಜ್ಞೆ ಕೊಟ್ಟರೆ ಅದು ಕಾಣುತ್ತದೆ. ಸಂಖ್ಯೆ 169.254 ಎಂದು ಆರಂಭವಾಗಿದ್ದರೆ, ಯಂತ್ರ ವಿಳಾಸ ಬೇಡಿತು, ಕೊಡುವವರು ಓಗೊಡಲಿಲ್ಲ, ಕೊನೆಗೆ ತಾನೇ ಒಂದನ್ನು ಇಟ್ಟುಕೊಂಡಿತು ಎಂದರ್ಥ. ಕೈಯಿಂದ ಸಂಖ್ಯೆ ಬರೆಯುವ ಕಚೇರಿಗಳಲ್ಲಿ ಒಂದೇ ಸಂಖ್ಯೆ ಎರಡು ಯಂತ್ರಗಳಿಗೆ ಬೀಳುವುದೂ ಉಂಟು. ಆಗ ಎರಡೂ ತಡವರಿಸುತ್ತವೆ.

ವಿಳಾಸ ಸರಿಯಿದ್ದರೆ, ಅಲ್ಲಿಯೇ ಕಾಣುವ ‘ಗೇಟ್‌ವೇ’ ಸಂಖ್ಯೆಯನ್ನು ‘ಪಿಂಗ್’ ಆಜ್ಞೆಯಿಂದ ಕರೆಯಿರಿ. ಅದು ತೂಬಿದ್ದಂತೆ. ಅದು ಓಗೊಟ್ಟರೆ ಕಚೇರಿಯೊಳಗಿನ ದಾರಿ ಸರಿಯಿದೆ. ಹೊರಗಿನ ಸಂಖ್ಯೆಗಳೂ ಓಗೊಟ್ಟು, ಜಾಲತಾಣದ ಹೆಸರು ಮಾತ್ರ ತೆರೆಯದಿದ್ದರೆ ‘ಡಿಎನ್‌ಎಸ್’ ಸೆಟ್ಟಿಂಗು ನೋಡಬೇಕು. ಹೆಸರನ್ನು ಸಂಖ್ಯೆಗೆ ಹೊಂದಿಸುವುದೇ ಅದರ ಕೆಲಸ. ಹೊಂದಿಕೆಯ ಬೆಲೆ ಏನೆಂಬುದಕ್ಕೆ ಮಸ್ಕಿಯೇ ಸಾಕ್ಷಿ. 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಬಂಡೆಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸ ಯಾರೆಂಬುದು ಖಚಿತವಾಯಿತು.

ಇನ್ನೊಂದು ದೋಷ ಹಲವರ ಕಣ್ಣು ತಪ್ಪಿಸುತ್ತದೆ. ಯಂತ್ರದೊಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತಿದ್ದರೆ, ವಿದ್ಯುತ್ತು ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ತಾರೀಖು ತಪ್ಪಿದರೆ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ನಾವು ಜಾಲವನ್ನು ದೂರುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಕೊನೆಯದಾಗಿ ಎರಡು ಮಾತು. ಒಮ್ಮೆಗೆ ಒಂದನ್ನೇ ಬದಲಿಸಿರಿ. ಬದಲಿಸುವ ಮೊದಲು ಹಳೆಯದನ್ನು ಬರೆದಿಡಿರಿ. ನಾಲ್ಕನ್ನು ಒಟ್ಟಿಗೆ ತಿರುಚಿದವನಿಗೆ ಕೆಟ್ಟದ್ದು ಯಾವುದು, ಸರಿಹೋದದ್ದು ಯಾವುದರಿಂದ ಎಂಬುದೇ ತಿಳಿಯುವುದಿಲ್ಲ. ಪ್ರತಿ ಯಂತ್ರದ ವಿವರಗಳನ್ನೂ ದುರಸ್ತಿಯವರ ದೂರವಾಣಿ ಸಂಖ್ಯೆಯನ್ನೂ ಒಂದು ಹಾಳೆಯಲ್ಲಿ ಬರೆದು ಕಪಾಟಿನ ಒಳಬದಿಗೆ ಅಂಟಿಸಿರಿ. ಅಷ್ಟು ಮಾಡಿದ ಕಚೇರಿಯಲ್ಲಿ “ನಾಳೆ ಬನ್ನಿ” ಎನ್ನುವ ಬದಲು “ಸ್ವಲ್ಪ ಕೂತ್ಕೊಳ್ರಿ” ಎಂಬ ಮಾತು ಹೆಚ್ಚು ಕೇಳಿಬಂದೀತು.