ಬ್ಯಾಜರ್, ದನದ ಕ್ಷಯ ಮತ್ತು ಒಂದು ಕಾಯ್ದೆಯ ಇಕ್ಕಟ್ಟು

ಇಂಗ್ಲೆಂಡಿನ ನೈರುತ್ಯ ಭಾಗದ ಹುಲ್ಲುಗಾವಲುಗಳಲ್ಲಿ ಅರ್ಧ ಶತಮಾನದಿಂದ ನಡೆದುಬಂದಿರುವ ಬ್ಯಾಜರ್ ವಿವಾದವನ್ನು ಪ್ರಾಣಿದಯೆಯವರಿಗೂ ಹೈನುಗಾರರಿಗೂ ನಡುವಣ ಜಗಳವೆಂದು ಬಣ್ಣಿಸುವುದು ವಾಡಿಕೆಯಾಗಿದೆ. ಈ ಬಣ್ಣನೆ ಪೂರ್ತಿ ಸುಳ್ಳಲ್ಲ. ಆದರೆ ಒಂದು ಸೋಂಕು ಯಾವ ದಾರಿಯಲ್ಲಿ ಎಷ್ಟು ಹರಿಯುತ್ತದೆ ಎಂಬುದನ್ನು ವರ್ಷಗಟ್ಟಲೆ ಅಳೆದು ನೋಡಿದ ಮೇಲೂ ಆ ಅಳತೆಗೆ ಆಡಳಿತ ಸರಿಯಾಗಿ ಕಿವಿಗೊಡದೆ ಹೋದದ್ದೇ ವಿವಾದದ ತಿರುಳೆಂಬುದನ್ನು ಅದು ಮರೆಮಾಡುತ್ತದೆ.

ಬ್ಯಾಜರ್ ಎಂಬುದು ನೀರುನಾಯಿಯ ಕುಟುಂಬಕ್ಕೆ ಸೇರಿದ, ಬಿಳಿಯ ಮುಖದ ಮೇಲೆ ಎರಡು ಕಪ್ಪು ಪಟ್ಟೆಗಳಿರುವ, ಹತ್ತು ಕಿಲೋ ಆಸುಪಾಸಿನ ತೂಕದ ನಿಶಾಚರ ಪ್ರಾಣಿ. ಕಾವೇರಿ ವನ್ಯಜೀವಿಧಾಮದ ಕ್ಯಾಮೆರಾಗಳಿಗೆ ಸಿಕ್ಕಿರುವ ತರಕರಡಿ ಇದರ ದೂರದ ನಂಟನೇ ಹೊರತು ಇದೇ ಜಾತಿಯದಲ್ಲ. ಬ್ರಿಟನ್ನಿನಲ್ಲಿ ಬ್ಯಾಜರುಗಳು ಗುಂಪಾಗಿ, ತಲೆಮಾರುಗಳಿಂದ ತೋಡುತ್ತ ಬಂದ ಕವಲುಬಿಲಗಳಲ್ಲಿ ವಾಸಿಸುತ್ತವೆ ಮತ್ತು ತಮ್ಮ ಸರಹದ್ದನ್ನು ಮಲದ ಗುಂಡಿಗಳಿಂದ ಗುರುತಿಸಿಕೊಳ್ಳುತ್ತವೆ. ಅವುಗಳ ಮುಖ್ಯ ಆಹಾರವಾದ ಎರೆಹುಳು ದನ ಮೇಯ್ದು ಗಿಡ್ಡವಾದ ಹುಲ್ಲಿನಲ್ಲಿ ಸುಲಭವಾಗಿ ಸಿಗುವುದರಿಂದ, ಹಗಲಿನಲ್ಲಿ ದನದ್ದಾದ ಗೋಮಾಳ ರಾತ್ರಿ ಬ್ಯಾಜರಿನದಾಗುತ್ತದೆ.

ಕಾನೂನು ಈ ಪ್ರಾಣಿಯ ಕೈಹಿಡಿದದ್ದು ಅದು ಅಳಿವಿನಂಚಿಗೆ ಬಂದಿತ್ತೆಂಬ ಕಾರಣದಿಂದಲ್ಲ. ಬಿಲದಿಂದ ಅಗೆದು ತೆಗೆದ ಬ್ಯಾಜರಿನ ಮೇಲೆ ನಾಯಿಗಳನ್ನು ಛೂಬಿಟ್ಟು ನೋಡುವ ಆಟವನ್ನು 1835ರಲ್ಲೇ ನಿಷೇಧಿಸಲಾಗಿತ್ತಾದರೂ ಗುಟ್ಟಾಗಿ ಅದು ಮುಂದುವರಿದೇ ಇತ್ತು. 1973ರ ಕಾಯ್ದೆಯೂ ಹಲವು ತಿದ್ದುಪಡಿಗಳನ್ನು ಒಟ್ಟುಗೂಡಿಸಿದ 1992ರ ಬ್ಯಾಜರ್ ಸಂರಕ್ಷಣಾ ಕಾಯ್ದೆಯೂ ಮುಖ್ಯವಾಗಿ ಈ ಕ್ರೌರ್ಯಕ್ಕೆ ಕೊಟ್ಟ ಉತ್ತರಗಳು. ಬ್ಯಾಜರನ್ನು ಕೊಲ್ಲುವುದಷ್ಟೇ ಅಲ್ಲ, ಅದರ ಬಿಲವನ್ನು ಕೆಡಿಸುವುದೂ ಅಪರಾಧ. ಶಿಕ್ಷೆ ಆರು ತಿಂಗಳ ಸೆರೆವಾಸದವರೆಗೆ ಹೋಗಬಹುದು. ಅದೇ ಕಾಯ್ದೆಯ 10ನೆಯ ಕಲಮು ರೋಗ ಹರಡುವುದನ್ನು ತಡೆಯಲು ಬ್ಯಾಜರನ್ನು ಕೊಲ್ಲುವ ಪರವಾನಗಿ ನೀಡಲು ಅವಕಾಶ ಕೊಡುತ್ತದೆ. ರಕ್ಷಣೆಯ ಗೋಡೆಯನ್ನು ಕಟ್ಟಿದವರೇ ಅದರಲ್ಲೊಂದು ಬಾಗಿಲನ್ನೂ ಇಟ್ಟಿದ್ದರೆಂಬುದು ಮುಂದಿನ ಎಲ್ಲ ಚರ್ಚೆಗೂ ಮೂಲವಾಯಿತು.

ಆ ಬಾಗಿಲು ಬೇಕಾದದ್ದು ದನದ ಕ್ಷಯದಿಂದ. ಮೈಕೋಬ್ಯಾಕ್ಟೀರಿಯಂ ಬೋವಿಸ್ ಎಂಬ ಸೂಕ್ಷ್ಮಾಣುವಿನಿಂದ ಬರುವ ಈ ರೋಗ ಹಸಿ ಹಾಲಿನ ಮೂಲಕ ಮನುಷ್ಯರಿಗೂ ತಗುಲುತ್ತದೆ. 1930ರ ದಶಕದಲ್ಲಿ ಬ್ರಿಟನ್ನಿನ ಹಾಲುಹಸುಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಸೋಂಕಿತವಾಗಿದ್ದವು. ಹಾಲನ್ನು ಕಾಯಿಸಿ ಶುದ್ಧೀಕರಿಸುವ ಕ್ರಮ ಮನುಷ್ಯರನ್ನು ಕಾಪಾಡಿತು. ದನಗಳನ್ನು ಪರೀಕ್ಷಿಸಿ ಸೋಂಕಿತವಾದವನ್ನು ಕಡಿಯುವ ಕ್ರಮ ರೋಗವನ್ನು ಬಹುಮಟ್ಟಿಗೆ ಅಡಗಿಸಿತು. ಆದರೆ ನೈರುತ್ಯದ ಕೆಲವು ಮೂಲೆಗಳಲ್ಲಿ ಅದು ಹಟಮಾರಿಯಂತೆ ಉಳಿಯಿತು, ಮತ್ತು 1971ರಲ್ಲಿ ಗ್ಲಾಸ್ಟರ್‌ಶೈರಿನಲ್ಲಿ ಸತ್ತುಬಿದ್ದಿದ್ದ ಒಂದು ಬ್ಯಾಜರಿನ ದೇಹದಲ್ಲಿ ಇದೇ ಸೂಕ್ಷ್ಮಾಣು ಸಿಕ್ಕಿತು. 1975ರಿಂದ ಬಿಲಗಳಿಗೆ ಸಯನೈಡ್ ಅನಿಲ ಹಾಯಿಸುವ ಕೆಲಸ ಶುರುವಾಗಿ, ಅದು ಕೊಡುವ ಸಾವು ಘೋರವೆಂದು ಮನದಟ್ಟಾದ ಮೇಲೆ 1982ರಲ್ಲಿ ನಿಂತಿತು. ಆಮೇಲಿನ ದಿನಗಳಲ್ಲಿ ಬೋನಿಟ್ಟು ಹಿಡಿದು ಗುಂಡಿಕ್ಕಲಾಯಿತು. ರೋಗ ಮಾತ್ರ ಮತ್ತೆ ಹೆಚ್ಚುತ್ತಲೇ ಹೋಯಿತು.

ಬ್ಯಾಜರನ್ನು ಕೊಂದರೆ ದನದ ಕ್ಷಯ ನಿಜವಾಗಿ ಇಳಿಯುತ್ತದೆಯೇ ಎಂಬ ಸರಳ ಪ್ರಶ್ನೆಗೆ ಯಾರ ಬಳಿಯೂ ಗಟ್ಟಿ ಉತ್ತರವಿಲ್ಲವೆಂದು 1997ರಲ್ಲಿ ಜಾನ್ ಕ್ರೆಬ್ಸ್ ಅವರ ವರದಿ ಎತ್ತಿ ತೋರಿಸಿದ ಬಳಿಕ, ವನ್ಯಜೀವಿ ನಿರ್ವಹಣೆಯ ಚರಿತ್ರೆಯಲ್ಲಿ ವಿರಳವೆನ್ನಬಹುದಾದ ಪ್ರಯೋಗವೊಂದನ್ನು 1998ರಲ್ಲಿ ಕೈಗೊಳ್ಳಲಾಯಿತು. ತಲಾ ನೂರು ಚದರ ಕಿಲೋಮೀಟರಿನ ಮೂವತ್ತು ಪ್ರದೇಶಗಳನ್ನು ಮೂರು ಮೂರರ ಹತ್ತು ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡದಲ್ಲಿ ಒಂದು ಕಡೆ ಬ್ಯಾಜರುಗಳನ್ನು ವರ್ಷವರ್ಷವೂ ವ್ಯಾಪಕವಾಗಿ ಕೊಲ್ಲುವುದು, ಇನ್ನೊಂದು ಕಡೆ ದನಗಳಲ್ಲಿ ರೋಗ ಕಂಡ ಜಮೀನಿನ ಸುತ್ತ ಮಾತ್ರ ಕೊಲ್ಲುವುದು, ಮೂರನೆಯ ಕಡೆ ಸುಮ್ಮನಿರುವುದು ಎಂದು ಗೊತ್ತುಮಾಡಲಾಯಿತು. ಯಾವ ಪ್ರದೇಶಕ್ಕೆ ಯಾವ ಕ್ರಮ ಎಂಬುದನ್ನು ಯಾರ ಇಷ್ಟಕ್ಕೂ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಇದಕ್ಕಾಗಿ ಸುಮಾರು ಹನ್ನೊಂದು ಸಾವಿರ ಬ್ಯಾಜರುಗಳು ಸತ್ತವು. ರೋಗ ಕಂಡಲ್ಲಿ ಮಾತ್ರ ಕೊಲ್ಲುವ ಕ್ರಮ ರೋಗವನ್ನು ಇಳಿಸುವ ಬದಲು ಏರಿಸುತ್ತಿರುವಂತೆ ಕಂಡದ್ದರಿಂದ 2003ರಲ್ಲೇ ಅದನ್ನು ಕೈಬಿಡಬೇಕಾಯಿತು. ವ್ಯಾಪಕವಾಗಿ ಕೊಂದ ಪ್ರದೇಶಗಳ ಒಳಗೆ ದನದ ಕ್ಷಯ ಶೇ. 23ರಷ್ಟು ತಗ್ಗಿತು, ಆದರೆ ಗಡಿಯಾಚೆಯ ಎರಡು ಕಿಲೋಮೀಟರಿನ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಏರಿತು.

ಈ ಏರಿಕೆಯ ವಿವರಣೆ ಬ್ಯಾಜರಿನ ಸಮಾಜಜೀವನದಲ್ಲೇ ಇದೆ. ಗುಂಪು ಇಡಿಯಾಗಿರುವಾಗ ಪ್ರತಿಯೊಂದೂ ತನ್ನ ಸರಹದ್ದಿನೊಳಗೆ ಇರುತ್ತದೆ, ರೋಗವೂ ಅಲ್ಲೇ ಸುತ್ತುತ್ತದೆ. ಗುಂಪಿನ ಕೆಲವನ್ನು ಕೊಂದರೆ ಗಡಿಗಳು ಕಲಸಿಹೋಗಿ, ಉಳಿದವು ಅಲೆಯತೊಡಗಿ, ಹೊಸ ನೆರೆಯವರನ್ನೂ ಹೊಸ ದನಗಳನ್ನೂ ಸೋಂಕಿನ ಸಮೇತ ಸಂಧಿಸುತ್ತವೆ. ಇದನ್ನು ವಿಜ್ಞಾನಿಗಳು ‘ಕಲಕುವಿಕೆಯ ಪರಿಣಾಮ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ; ಜೇನುಗೂಡಿಗೆ ಕಲ್ಲೆಸೆದು ಅರ್ಧಕ್ಕೇ ನಿಲ್ಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಯೋಗದ ಹೊಣೆ ಹೊತ್ತ ಜಾನ್ ಬೋರ್ನ್ ಅವರ ತಂಡ 2007ರ ಜೂನ್ ತಿಂಗಳಿನಲ್ಲಿ, ಬ್ಯಾಜರುಗಳು ರೋಗ ಹರಡುವುದು ನಿಜವಾದರೂ ಅವುಗಳನ್ನು ಕೊಲ್ಲುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲವೆಂದು ತೀರ್ಮಾನಿಸಿತು. ಸರ್ಕಾರದ ಮುಖ್ಯ ವಿಜ್ಞಾನ ಸಲಹೆಗಾರರಾಗಿದ್ದ ಡೇವಿಡ್ ಕಿಂಗ್ ಕೆಲವೇ ತಿಂಗಳಲ್ಲಿ ಅದೇ ಅಂಕಿಗಳನ್ನು ಮುಂದಿಟ್ಟು ಕೊಲ್ಲುವುದು ಉಪಯುಕ್ತವೆಂದರು. ಅಂಕಿಗಳ ಬಗ್ಗೆ ಇಬ್ಬರಿಗೂ ದೊಡ್ಡ ಭಿನ್ನಮತವಿರಲಿಲ್ಲ. ಖರ್ಚನ್ನೂ ಕಾರ್ಯಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಬೇಡವೇ ಎಂಬಲ್ಲಿ ಅವರು ಬೇರೆಯಾದರು.

ಅದೇ ವರ್ಷ ವೇಲ್ಸಿನ ಸ್ಕಂದವೇಲ್ ಎಂಬ ಹಿಂದೂ ಆಶ್ರಮದ ‘ಶಂಭೋ’ ಎಂಬ ಹೋರಿ ಕ್ಷಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿತು. ಅದನ್ನು ಬೇರೆಯಾಗಿ ಕಟ್ಟಿ ಸಾಕುತ್ತೇವೆಂದು ಆಶ್ರಮದವರು ಬೇಡಿದರು, ಕಾರ್ಡಿಫ್‌ನಲ್ಲಿ ಹೈಕೋರ್ಟು ಅವರ ಪರ ನಿಂತಿತು, ಮೇಲ್ಮನವಿಯ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಜುಲೈ 26ರಂದು ಹೋರಿಯನ್ನು ಕೊಲ್ಲಲಾಯಿತು. ವೇಲ್ಸ್ ಮುಂದೆ 2012ರಲ್ಲಿ ಬ್ಯಾಜರುಗಳನ್ನು ಕೊಲ್ಲುವ ಯೋಜನೆ ಬಿಟ್ಟು ಲಸಿಕೆಯ ದಾರಿ ಹಿಡಿಯಿತು. ಇಂಗ್ಲೆಂಡು ತದ್ವಿರುದ್ಧವಾಗಿ 2013ರಲ್ಲಿ ಸಾಮರ್‌ಸೆಟ್ ಮತ್ತು ಗ್ಲಾಸ್ಟರ್‌ಶೈರುಗಳಲ್ಲಿ ಪರವಾನಗಿಯ ಬೇಟೆಯನ್ನು ಆರಂಭಿಸಿ, ವರ್ಷವರ್ಷವೂ ವಿಸ್ತರಿಸುತ್ತ ಹೋಗಿ, ಎರಡು ಲಕ್ಷಕ್ಕೂ ಹೆಚ್ಚು ಬ್ಯಾಜರುಗಳನ್ನು ಕೊಂದಿತು. ಈ ಬಾರಿ ಹೋಲಿಸಿ ನೋಡಲು ಸುಮ್ಮನೆ ಬಿಟ್ಟ ಪ್ರದೇಶಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲವಾದ್ದರಿಂದ, ಕೆಲವೆಡೆ ರೋಗ ತಗ್ಗಿದ್ದಕ್ಕೆ ಬೇಟೆ ಕಾರಣವೋ ಜೊತೆಗೇ ಬಿಗಿಗೊಳಿಸಿದ ದನಗಳ ಪರೀಕ್ಷೆ ಕಾರಣವೋ ಎಂಬ ವಾದ ಮುಗಿದಿಲ್ಲ. ಅಳೆಯುವ ವಿಧಾನ ಕೈಯಲ್ಲಿದ್ದೂ ಅದನ್ನು ಬಿಟ್ಟುಕೊಟ್ಟದ್ದು ಈ ನೀತಿಯ ಕ್ಷಮಿಸಲಾಗದ ದೋಷ. ಹೈನುಗಾರರ ಸಂಕಟ ಇದರಿಂದ ಸಣ್ಣದಾಗುವುದಿಲ್ಲ: 2010ರ ದಶಕದ ಹಲವು ವರ್ಷಗಳಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ದನಗಳು ಈ ರೋಗದ ಹೆಸರಿನಲ್ಲಿ ಕಡಿಯಲ್ಪಟ್ಟವು, ಮತ್ತು ಪರಿಹಾರದ ಹಣ ತಳಿಯನ್ನು ತಿರುಗಿ ಕೊಡುವುದಿಲ್ಲ.

ಚರ್ಚೆಯಲ್ಲಿ ಬಹುಕಾಲ ಹಿಂದೆ ಸರಿದಿದ್ದುದು ದನದಿಂದ ದನಕ್ಕೆ ಹರಡುವ ಸೋಂಕು. ದನದ ಕತ್ತಿನ ಚರ್ಮಕ್ಕೆ ಟ್ಯೂಬರ್ಕ್ಯುಲಿನ್ ಎಂಬ ಸಾರವನ್ನು ಚುಚ್ಚಿ 72 ಗಂಟೆಗಳ ಬಳಿಕ ಬಾವನ್ನು ಅಳೆಯುವ ಪರೀಕ್ಷೆಯಲ್ಲಿ ಆರೋಗ್ಯವಂತ ದನ ತಪ್ಪಾಗಿ ಸಿಕ್ಕಿಬೀಳುವುದು ಅಪರೂಪ. ಸೋಂಕಿತ ದನ ತಪ್ಪಿಸಿಕೊಳ್ಳುವುದು ಅಪರೂಪವಲ್ಲ. ಹಾಗೆ ಉಳಿದದ್ದು ಕೊಟ್ಟಿಗೆಯಲ್ಲಿ ಸೋಂಕು ಹರಡುತ್ತದೆ, ಸಂತೆಯಲ್ಲಿ ಮಾರಾಟವಾಗಿ ದೂರದ ಊರಿಗೂ ಒಯ್ಯುತ್ತದೆ. ಚಾರ್ಲ್ಸ್ ಗಾಡ್‌ಫ್ರೇ ಅವರ 2018ರ ವರದಿ ವನ್ಯಜೀವಿಗಳ ಪಾತ್ರಕ್ಕೆ ಅತಿಯಾದ ಒತ್ತು ಕೊಡುವುದು ತಪ್ಪೆಂದು ಹೇಳಿತು. 2024ರಲ್ಲಿ ಹೊಸ ಸರ್ಕಾರ ತನ್ನ ಅವಧಿ ಮುಗಿಯುವುದರೊಳಗೆ ಬೇಟೆಯನ್ನು ನಿಲ್ಲಿಸುವುದಾಗಿ ಘೋಷಿಸಿತು.

ಉಳಿದಿರುವ ದಾರಿ ಲಸಿಕೆ. ಕರ್ನಾಟಕದಲ್ಲಿ ಹುಟ್ಟಿದ ಮಗುವಿನ ತೋಳಿಗೆ ಹಾಕುವ ಬಿಸಿಜಿ ಲಸಿಕೆ ದನದ ಕ್ಷಯಾಣುವನ್ನೇ ಪಳಗಿಸಿ ಮಾಡಿದ್ದೆಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಬ್ಯಾಜರುಗಳಿಗಾಗಿ ಅದಕ್ಕೆ 2010ರಲ್ಲೇ ಅನುಮತಿ ದೊರೆಯಿತು. ದನಗಳಿಗೆ ಕೊಟ್ಟರೆ, ಲಸಿಕೆ ಪಡೆದ ಆರೋಗ್ಯವಂತ ದನವೂ ಚರ್ಮದ ಪರೀಕ್ಷೆಯಲ್ಲಿ ರೋಗಿಯಂತೆ ಕಾಣುವುದರಿಂದ, ಇವೆರಡನ್ನೂ ಬೇರ್ಪಡಿಸುವ ಹೊಸ ಪರೀಕ್ಷೆಯೊಂದು ಬೇಕಾಗಿತ್ತು. ಲಸಿಕೆಯನ್ನೂ ಆ ಪರೀಕ್ಷೆಯನ್ನೂ ಜೊತೆಯಾಗಿ ಜಮೀನುಗಳಲ್ಲಿ ಪ್ರಯೋಗಿಸಿ ನೋಡುವ ಕೆಲಸ ಇಂಗ್ಲೆಂಡಿನಲ್ಲಿ ಆರಂಭವಾದದ್ದು 2021ರಲ್ಲಿ. ಆ ಹೊತ್ತಿಗೆ ಗ್ಲಾಸ್ಟರ್‌ಶೈರಿನಲ್ಲಿ ಆ ಸತ್ತ ಬ್ಯಾಜರ್ ಸಿಕ್ಕು ಐವತ್ತು ವರ್ಷಗಳಾಗಿದ್ದವು.