ಸೀಟಿ ನನ್ನ ಕೈಯಾಗ, ಫೋನು ಕಮಿಟಿ ಕೈಯಾಗ

ಮಟಮಾರಿಯಿಂದ ಮಾತಾಡ್ತಿದ್ದೀನಿ. ನಡುವೆ ರೈಲಿನ ಸಪ್ಪಳ ಕೇಳಿಸಿದ್ರೆ ಬೇಜಾರಾಗಬ್ಯಾಡ್ರಿ, ಸ್ಟೇಷನ್ ಹತ್ತಿರನೇ ಇದ್ದೀನಿ.

ಜಾತ್ರೆ, ಉರುಸಿನ ಕಬಡ್ಡಿ ಪಂದ್ಯಗಳಿಗೆ ನಾನು ಅಂಪೈರ್. ರಾಯಚೂರು, ಮಾನ್ವಿ, ದೇವದುರ್ಗ ಕಡೆಯಿಂದ ಫೋನ್ ಬರ್ತದೆ. ಮಾಡೋದು ಕಮಿಟಿಯವರು. ಅಂದ್ರೆ ನಿಯಮ ಬರೆದವರು ಎಲ್ಲೋ ಇದ್ದಾರೆ, ನನಗೆ ಮುಂದಿನ ಮ್ಯಾಚ್ ಕೊಡೋರು ಮಾತ್ರ ಇಲ್ಲೇ ಶಾಮಿಯಾನದ ಕೆಳಗೆ ಕೂತಿರ್ತಾರೆ.

ರೈಡರ್ ‘ಕಬಡ್ಡಿ ಕಬಡ್ಡಿ’ ಅಂತ ಬಿಡದೆ, ಸ್ಪಷ್ಟವಾಗಿ ಹೇಳ್ತಿರಬೇಕು. ದಮ್ಮು ಸರಿಯಿಲ್ಲದಿದ್ರೆ ವಾಪಸ್ ಕಳಿಸಿ ಎದುರಿನವರಿಗೆ ಒಂದು ಪಾಯಿಂಟ್ ಕೊಡಬೇಕು. ಪುಸ್ತಕ ಹೇಳೋದು ಇದು. ಆದರೆ 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಹುಡುಗರ ಲಕ್ಷ್ಯವೆಲ್ಲ ರೈಡಿನ 30 ಸೆಕೆಂಡಿನ ಮೇಲೆ. ಕಮಿಟಿಯವರೂ ಅಷ್ಟೇ: “ಅಣ್ಣಾ, ದಮ್ಮಿಗೆಲ್ಲ ಸೀಟಿ ಊದಬ್ಯಾಡ್ರಿ, ಜನ ಆಟ ನೋಡಾಕ ಬಂದಾರ.”

ಇದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಬಾಸ್ಕೆಟ್‌ಬಾಲ್‌ನ ಫಿಬಾ ನಿಯಮ ಪುಸ್ತಕವೇ ರೆಫರಿಗೆ ಹೇಳ್ತದೆ, ಮೈ ತಾಗಿದ್ದಕ್ಕೆಲ್ಲ ಆಟ ನಿಲ್ಲಿಸಬೇಡ, ಅದರಿಂದ ಯಾರಿಗಾದ್ರೂ ಲಾಭ ಆಯ್ತಾ ನೋಡು ಅಂತ. ಜೊತೆಗೇ ಇನ್ನೊಂದು ಮಾತೂ ಇದೆ: ನಿಯಮ ಬಳಸೋದ್ರಲ್ಲಿ ಏಕರೂಪತೆ ಇರಬೇಕು. ನಾನು ಎಡವಿದ್ದು ಅಲ್ಲೇ.

ಒಂದು ಫೈನಲ್. ಊರ ಹೆಸರು ಬೇಡ. ಮೊದಲ 20 ನಿಮಿಷ ಎರಡೂ ಕಡೆ ದಮ್ಮು ನೋಡಲೇ ಇಲ್ಲ. ಕೊನೇ ನಿಮಿಷ, ಸ್ಕೋರ್ ಸಮ. ಹೊರಗಿನ ತಂಡದ ಹುಡುಗ ರೈಡಿಗೆ ಬಂದ. ದಮ್ಮು ಕೇಳಿಸಲಿಲ್ಲ. ಊದಿಬಿಟ್ಟೆ. ಆ ಒಂದು ಪಾಯಿಂಟಿಗೆ ಊರ ತಂಡ ಗೆದ್ದಿತು.

ಹುಡುಗ ಜಗಳ ಮಾಡಲಿಲ್ಲ. ಮೊಣಕಾಲಿನ ಮಣ್ಣು ಕೊಡವಿಕೊಂಡು, “ಸರ, ಇಷ್ಟೊತ್ತು ಯಾಕ ಊದಲಿಲ್ರಿ?” ಅಂದ.

ಪುಸ್ತಕದ ಪ್ರಕಾರ ನನ್ನ ಸೀಟಿ ಸರಿ. ಆದರೆ ಸರಿಯಾಗಿ ಆ ಹೊತ್ತಿಗೇ ಪುಸ್ತಕ ನೆನಪಾಗಿದ್ದು ಹೆಂಗ? ಸುತ್ತ ಕೂತ ಜನಕ್ಕೆ ಅಂಜಿದ್ದೆನೋ, ಮುಂದಿನ ವರ್ಷದ ಫೋನ್ ತಲೆಯಲ್ಲಿತ್ತೋ, ಇವತ್ತಿಗೂ ನನಗೆ ಖಾತ್ರಿ ಇಲ್ಲ. ಮುಂದಿನ ವರ್ಷ ಆ ಕಮಿಟಿ ಮೊದಲ ಫೋನ್ ಮಾಡಿದ್ದು ನನಗೇ. ಬೈದಿದ್ರೂ ಅಷ್ಟು ಚುಚ್ಚುತ್ತಿರಲಿಲ್ಲ.

ಈಗ ಟಾಸ್‌ಗೆ ಮುಂಚೆ ಇಬ್ಬರೂ ಕ್ಯಾಪ್ಟನ್‌ಗಳನ್ನು ಕರೀತೀನಿ. ಕಮಿಟಿಯವರು ಕೇಳ್ತಾ ನಿಂತಿರೋವಾಗಲೇ ಹೇಳ್ತೀನಿ: ದಮ್ಮಿಗೆ ಒಂದು ಸಲ ಎಚ್ಚರಿಕೆ, ಆಮೇಲೆ ಸೀಟಿ, ಮೊದಲ ರೈಡಾಗಲಿ ಕೊನೇ ರೈಡಾಗಲಿ. ಇದಾದ ಮೇಲೆ ಒಂದು ಕಮಿಟಿ ನನ್ನನ್ನ ಕರೆಯೋದು ಬಿಟ್ಟಿದೆ. ಹೋಗಲಿ. ಈ ಭಾನುವಾರ ಮಾನ್ವಿ ಕಡೆ ಮ್ಯಾಚ್ ಅದ, ಸ್ಟಾಪ್‌ವಾಚಿಗೆ ಸೆಲ್ ಹಾಕಿಸಬೇಕು.