ಗಾಡಿಯೇರಿ ಬರುವ ಹಾಯಿದೋಣಿ

ದೋಣಿಯೆಂದೊಡನೆ ನಮ್ಮಂತಹ ಒಳನಾಡಿನವರ ಮನಸ್ಸಿಗೆ ತೋರುವುದು ಎರಡೇ ಚಿತ್ರಗಳು. ಒಂದು, ಹೊಳೆ ದಾಟಿಸುವ ಹರಿಗೋಲು. ಮತ್ತೊಂದು, ಸಾಗರವನ್ನು ಸೀಳಿ ಹೋಗುವ ಹಡಗು. ಇವೆರಡರ ನಡುವೆ ಇನ್ನೊಂದು ಬಗೆಯುಂಟು. ಕಾರಿನ ಹಿಂದೆ ಕಟ್ಟಿದ ಗಾಡಿಯ ಮೇಲೆ ಕುಳಿತು ಬೆಳಗ್ಗೆ ಮನೆಯಿಂದ ಹೊರಟು, ಮಧ್ಯಾಹ್ನ ಕಡಲಿನಲ್ಲಿ ಹಾಯಿಯೆತ್ತಿ, ಸಂಜೆಗೆ ಮರಳಿ ಅಂಗಳವನ್ನು ಸೇರುವ ದೋಣಿ ಅದು. ಅಂತಹುದೊಂದರ ವಿಚಾರವನ್ನು ಈ ಹೊತ್ತು ಶ್ರೋತೃಗಳಲ್ಲಿ ಅರಿಕೆ ಮಾಡಬೇಕೆಂದಿದ್ದೇನೆ. ಅದರ ಹೆಸರು ಡ್ರಾಸ್ಕೋಂಬ್ ಲಗ್ಗರ್.

ಇದನ್ನು ಕಲ್ಪಿಸಿದವರು ಬ್ರಿಟಿಷ್ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದ ಜಾನ್ ವಾಟ್ಕಿನ್ಸನ್. ಮಡದಿ ಮಕ್ಕಳೊಡನೆ ನಿಶ್ಚಿಂತೆಯಿಂದ ವಿಹರಿಸಲು ಒಂದು ದೋಣಿ ಬೇಕೆಂಬುದೇ ಅವರ ಉದ್ದೇಶ. 1968ರ ಲಂಡನ್ ನೌಕಾಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿದ್ದಿತು. ಮೊದಲು ಮರದಿಂದಲೂ ಅನಂತರ ಗಾಜಿನ ನಾರು ಮತ್ತು ಅಂಟುಗಳ ಮಿಶ್ರಣದಿಂದಲೂ ಅದನ್ನು ಕಟ್ಟತೊಡಗಿದರು.

ಇದರ ಉದ್ದ 18 ಅಡಿ 9 ಅಂಗುಲ. ಅಗಲ ಸುಮಾರು 6 ಅಡಿ. ನಡುವೆ ಏರಿಸಿ ಇಳಿಸಬಹುದಾದ ಉಕ್ಕಿನ ಹಲಗೆಯೊಂದಿದೆ. ಗಾಳಿ ಮಗ್ಗುಲಿನಿಂದ ತಳ್ಳಿದಾಗ ದೋಣಿ ಓರೆಯಾಗಿ ಜಾರದಂತೆ ತಡೆಯುವುದು ಇದರ ಕೆಲಸ. ಹಲಗೆಯನ್ನು ಮೇಲಕ್ಕೆಳೆದರೆ ಒಂದು ಅಡಿಗಿಂತ ಕಡಮೆ ನೀರು ಸಾಕು. ದೋಣಿ ನೇರವಾಗಿ ಮರಳ ದಡಕ್ಕೆ ಬಂದು ನಿಲ್ಲುತ್ತದೆ, ಗಾಡಿಯನ್ನೂ ಸುಲಭವಾಗಿ ಏರುತ್ತದೆ. ಆಳವಿಲ್ಲದ ಈ ತಳವೇ ಇದರ ಸ್ವಾತಂತ್ರ್ಯದ ಗುಟ್ಟು.

ಹಾಯಿಗಳು ಮೂರು. ಮೂತಿಯ ಬಳಿ ಒಂದು, ನಡುವೆ ದೊಡ್ಡದೊಂದು, ಹಿಂದೆ ಚಿಕ್ಕದೊಂದು. ನಡುವಣ ಹಾಯಿಯ ಕೆಳಅಂಚಿಗೆ ಅಡ್ಡಮರವಿಲ್ಲ. ಗಾಳಿ ದಿಕ್ಕು ಬದಲಿಸಿದಾಗ ಅಡ್ಡಮರ ಬೀಸಿ ಬಂದು ತಲೆಯೊಡೆಯುವುದು ಹಾಯಿದೋಣಿಗಳಲ್ಲಿ ಅಪರೂಪವಲ್ಲ; ಮಕ್ಕಳನ್ನು ಕೂರಿಸಿಕೊಂಡವನಿಗೆ ಈ ಕೊರತೆಯೇ ವರ. ಹಿಂದಣ ಚಿಕ್ಕ ಹಾಯಿಯಂತೂ ಮೀನು ಹಿಡಿಯುವವನ ಪರಮಮಿತ್ರ. ಉಳಿದೆರಡನ್ನು ಇಳಿಸಿ ಇದೊಂದನ್ನು ಬಿಗಿಹಿಡಿದರೆ, ಗಾಳಿಕೋಳಿಯಂತೆ ದೋಣಿ ಗಾಳಿಗೆ ಮುಖಮಾಡಿ ನಿಲ್ಲುತ್ತದೆ. ಆಗ ಗಾಳ ಹಾಕುವುದಕ್ಕೂ ಬುತ್ತಿ ಬಿಚ್ಚುವುದಕ್ಕೂ ಎರಡು ಕೈಗಳೂ ಬಿಡುವಾಗುತ್ತವೆ. ಗಾಳಿ ಬಿರುಸಾದರೆ ದೊಡ್ಡ ಹಾಯಿಯನ್ನು ಇಳಿಸಿದರಾಯಿತು. ಹಿಂದು ಮುಂದಿನ ಚಿಕ್ಕ ಹಾಯಿಗಳೆರಡು ತಕ್ಕಡಿಯ ತಟ್ಟೆಗಳಂತೆ ಪರಸ್ಪರ ತೂಗಿ ದೋಣಿಯನ್ನು ಹದದಲ್ಲಿ ಸಾಗಿಸುತ್ತವೆ.

ಹಾಗಾದರೆ ಇದರಲ್ಲಿ ಅಪಾಯವೇ ಇಲ್ಲವೆ? ಉಂಟು. ಇದು ಮೇಲುಗಡೆ ತೆರೆದ ದೋಣಿ; ಅಲೆ ಒಳಕ್ಕೆ ಬಂದರೆ ತಡೆಯಲು ಮುಚ್ಚಿಗೆಯಿಲ್ಲ. ಅಮೆರಿಕದ ವೆಬ್ ಚೈಲ್ಸ್ ಎಂಬಾತ 1978ರಲ್ಲಿ ಇಂತಹ ದೋಣಿಯೊಂದರಲ್ಲಿ ಒಬ್ಬನೇ ಕ್ಯಾಲಿಫೋರ್ನಿಯದಿಂದ ಹೊರಟು ಶಾಂತಸಾಗರಕ್ಕಿಳಿದನು. 1980ರಲ್ಲಿ ದೋಣಿ ನೀರು ತುಂಬಿಕೊಂಡಿತು. ಸುಮಾರು ಎರಡು ವಾರ ಅಲೆಗಳ ಮೇಲೆ ತೇಲಿ, ಈಗ ವನುವಾಟು ಎಂದು ಕರೆಯುವ ದ್ವೀಪಗಳಲ್ಲೊಂದನ್ನು ಮುಟ್ಟಿ ಬದುಕಿದನು. ಆ ಬಳಿಕವೂ ಯಾನವನ್ನು ಬಿಡಲಿಲ್ಲ! ಅವನ ಧೈರ್ಯವನ್ನು ಮೆಚ್ಚೋಣ. ಆದರೆ ಸಂಸಾರಸ್ಥರು ಅನುಕರಿಸಬೇಕಾದುದು ಅದನ್ನಲ್ಲ. ಈ ದೋಣಿ ಹುಟ್ಟಿದ್ದು ಸಾಗರವನ್ನು ಗೆಲ್ಲುವುದಕ್ಕಲ್ಲ, ದಡದ ನೆರೆಯಲ್ಲಿ ಒಂದು ದಿನವನ್ನು ಸಂತೋಷದಿಂದ ಕಳೆಯುವುದಕ್ಕೆ.

ನಾವಿಕರಲ್ಲಿ ಒಂದು ಮಾತು ರೂಢಿಯಲ್ಲಿದೆ: ಹಾಯಿಯನ್ನು ತಗ್ಗಿಸಬೇಕೆ ಎಂಬ ಯೋಚನೆ ಮೊದಲು ಹೊಳೆದ ಗಳಿಗೆಯೇ ಅದನ್ನು ತಗ್ಗಿಸತಕ್ಕ ಗಳಿಗೆ. ತಡಮಾಡಿದವನಿಗೆ ಗಾಳಿಯೇ ಪಾಠ ಹೇಳುತ್ತದೆ. ಅದರ ಶುಲ್ಕ ಬಲು ದುಬಾರಿ. ತೇಲುವ ಅಂಗಿಯನ್ನು ತೊಟ್ಟು, ಆಕಾಶವನ್ನು ನೋಡಿ, ಬೆಳಕಿರುವಾಗಲೇ ಹಿಂತಿರುಗುವವನಿಗೆ ಈ ಪುಟ್ಟ ದೋಣಿ ಕೊಡುವ ಸುಖ ದೊಡ್ಡ ಹಡಗಿನ ಒಡೆಯನಿಗೂ ದೊರೆಯದು. ತನ್ನ ಮಿತಿಯನ್ನು ಬಲ್ಲ ವಸ್ತುವಿಗೂ ಮನುಷ್ಯನಿಗೂ ಲೋಕ ವಿಶಾಲವಾಗಿಯೇ ಇದೆ.